ನಿಂತ ಹುಳುಕು

ಹಲ್ಲು ಕಪ್ಪಾಗಿ ಗುಳಿಬಿದ್ದರೆ 'ಹುಳ ಹಿಡಿದಿದೆ, ಕೀಳಿಸಿಬಿಡು' ಅನ್ನುವುದೇ ನಮ್ಮಲ್ಲಿ ಮೊದಲ ಮಾತು. ಬಣ್ಣ ನೋಡಿ ಹಲ್ಲಿನ ಹಣೆಬರಹ ಬರೆಯುವ ಈ ರೂಢಿ ತುಮಕೂರು ಸೀಮೆಯಲ್ಲಂತೂ ಬಹಳ ದಾರಿತಪ್ಪಿಸುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ಹಿರಿಯರ ಹಲ್ಲಿಗೆ ಎಲೆಅಡಿಕೆಯ ಕರೆ ಇರುತ್ತದೆ. ಪಾವಗಡದ ಕೊಳವೆಬಾವಿ ನೀರು ಕುಡಿದು ಬೆಳೆದವರ ಎನಾಮಲ್ ಮೇಲೆ ಫ್ಲೋರೈಡಿನ ಕಂದು ಮಚ್ಚೆ ಮೂಡುತ್ತದೆ. ಇವೆರಡೂ ಹುಳುಕಲ್ಲ. ನಿಜವಾದ ಹುಳುಕಿನಲ್ಲೂ ಹಳದಿಯಾಗಿ, ಒದ್ದೆಯಾಗಿ, ಮುಟ್ಟಿದರೆ ಮೆತ್ತಗಿರುವುದೇ ಮುಂದುವರಿಯುತ್ತಿರುವುದು. ಕಪ್ಪಗೆ ಹೊಳೆಯುತ್ತ ಗಟ್ಟಿಯಾಗಿರುವುದು ಬಹುಪಾಲು ನಿಂತುಹೋದದ್ದು.

ಅದು ನಿಲ್ಲುವುದು ಹೇಗೆ? ಎನಾಮಲ್ ಕೆಳಗಿನ ಪದರವಾದ ಡೆಂಟಿನ್ ತೂಕದಲ್ಲಿ ಶೇ 70ರಷ್ಟು ಖನಿಜ. ಅದರುದ್ದಕ್ಕೂ ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ಮೂರು ಪಾಲಿನಷ್ಟು ಅಗಲದ ನಾಳಗಳಿವೆ. ಬ್ಯಾಕ್ಟೀರಿಯಾ ಸಕ್ಕರೆಯಿಂದ ಮಾಡುವ ಆಮ್ಲವು ಅಲ್ಲಿನ ಹೈಡ್ರಾಕ್ಸಿಅಪಟೈಟ್ ಹರಳುಗಳನ್ನು ಕರಗಿಸುತ್ತದೆ. ಆದರೆ ಕರಗಿದ ಕ್ಯಾಲ್ಸಿಯಂ, ಫಾಸ್ಫೇಟ್ ಪೂರ್ತಿ ಉಗುಳಿನ ಪಾಲಾಗುವುದಿಲ್ಲ. ಒಂದಷ್ಟು ಒಳಕ್ಕಿಳಿದು, ಮೆಗ್ನೀಷಿಯಂ ಜೊತೆ ಸೇರಿ, ವಿಟ್ಲಾಕೈಟ್ ಎಂಬ ಬೇರೆಯೇ ಹರಳಾಗಿ ನಾಳದೊಳಗೆ ಕೂರುತ್ತದೆ. ಮೂಲ ಹರಳು ಅತಿಸೂಕ್ಷ್ಮವಾದ ತೆಳು ಬಿಲ್ಲೆ. ಇದು ಅದಕ್ಕಿಂತ ಎಷ್ಟೋ ದೊಡ್ಡ ಓರೆಚೌಕದ ಇಟ್ಟಿಗೆ. ನಾಳ ತುಂಬಿದಲ್ಲಿ ಬೆಳಕು ಚದುರುವುದು ಕಡಿಮೆಯಾಗಿ ಡೆಂಟಿನ್ ಗಾಜಿನಂತೆ ಕಾಣುತ್ತದೆ. ಆಮ್ಲ ತಿರುಳಿನತ್ತ ನುಗ್ಗದಂತೆ ಹಲ್ಲು ತಾನೇ ಹಾಕಿಕೊಂಡ ಒಡ್ಡು ಅದು. ಹಾಗೆಂದು ಆ ಪದರ ಮೊದಲಿನಷ್ಟೇ ಗಟ್ಟಿಯಲ್ಲ: ನಾಳಗಳ ನಡುವಿನ ಜಾಗ ಖನಿಜ ಕಳೆದುಕೊಂಡಿರುತ್ತದೆ. ಹೊರಮೈ ಗಡುಸಾಗುವುದು ಬಾಯಿಯ ಕಡೆಯಿಂದ, ಉಗುಳಿನ ಕ್ಯಾಲ್ಸಿಯಂ ಮತ್ತು ಪೇಸ್ಟಿನ ಫ್ಲೋರೈಡಿನಿಂದ. ಅದೂ ಗುಳಿಯ ಮೇಲಿನ ಪಾಚಿ ದಿನವೂ ಉಜ್ಜಿ ಹೋಗುತ್ತಿದ್ದರೆ ಮಾತ್ರ.

ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಜಿಲ್ಲೆಯಲ್ಲಿ ಪೇಸ್ಟಿನದು ಬೇಕೇ ಎಂದು ಕೇಳುವುದು ಸಹಜ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಮಕ್ಕಳು ಕುಡಿಯಬಾರದು, ಅದು ಮೂಡುತ್ತಿರುವ ಎನಾಮಲನ್ನು ಕೆಡಿಸುತ್ತದೆ. ಪೇಸ್ಟಿನದು ನುಂಗಲಿಕ್ಕಲ್ಲ, ಮೂಡಿದ ಹಲ್ಲಿನ ಮೈಗೆ. ನಿಂತ ಹುಳುಕನ್ನು ಕೊರೆಯದೆ ಬಿಟ್ಟರೆ ಒಳಗೆ ಬ್ಯಾಕ್ಟೀರಿಯಾ ಉಳಿದಿರುತ್ತವಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಉಳಿದಿರುತ್ತವೆ, ಆದರೆ ಸಕ್ಕರೆ ತಲುಪದಿದ್ದರೆ ಅವು ಆಮ್ಲ ಮಾಡಲಾರವು. ಹುಳುಕನ್ನು ನಿಲ್ಲಿಸುವ ಶೇ 38ರ ಸಿಲ್ವರ್ ಡಯಮಿನ್ ಫ್ಲೋರೈಡ್ ದ್ರಾವಣವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದನ್ನು ಹಚ್ಚಿದ ಹುಳುಕೂ ಕಪ್ಪಾಗುತ್ತದೆ, ಕೊರೆಯುವ ಯಂತ್ರ ಮಾತ್ರ ಬೇಕಿಲ್ಲ. ಮಗುವಿನ ಹಾಲುಹಲ್ಲಿಗಾಗಿ ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಕೂಲಿ ಬಿಟ್ಟು ತುಮಕೂರಿಗೆ ಮೂರು ಸಲ ಓಡಾಡಲಾಗದವರಿಗೆ ಇದು ಸಣ್ಣ ಮಾತಲ್ಲ. ಗುಳಿ ಹಾಗೇ ಉಳಿಯುವುದು ನಿಜ. ಅದರಲ್ಲಿ ಅನ್ನ ಸಿಕ್ಕಿಕೊಂಡರೆ, ನೋವಿದ್ದರೆ ತುಂಬಿಸಲೇಬೇಕು. ಉಜ್ಜುವುದು ತಪ್ಪಿದರೆ ಗಟ್ಟಿಯಾದ ಮೈ ಮತ್ತೆ ಮೆತ್ತಗಾಗುತ್ತದೆ, ಹಾಗಾಗಿ ವೈದ್ಯರು ಆಗಾಗ ಅದನ್ನು ಮುಟ್ಟಿಯೇ ನೋಡಬೇಕು.