ಚಪ್ಪಲಿ ಕಚ್ಚುವುದು ಚರ್ಮದ ಒಳಗೆ

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗಲು ತಯಾರಾಗುತ್ತಿರುವ ಹಾಸನದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೋದ ವರ್ಷ ಪಾದಯಾತ್ರೆಗೆಂದೇ ಹೊಸ ಶೂ ಕೊಂಡಿದ್ದರಂತೆ. ಎರಡನೇ ದಿನಕ್ಕೇ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೆ ಶೂ ಕೈಯಲ್ಲಿತ್ತು, ಕಾಲಲ್ಲಿ ಜೊತೆಯವರ ಹವಾಯಿ ಚಪ್ಪಲಿ. ಈ ಸಲ ಅಂಗಡಿಯಲ್ಲಿ ‘ಆರ್ಚ್ ಸಪೋರ್ಟ್’ ಇರುವ, ಎರಡು ಪಟ್ಟು ಬೆಲೆಯ ಶೂ ತೋರಿಸುತ್ತಿದ್ದಾರೆ, ಕೊಳ್ಳಲೇ ಎಂದು ಕೇಳಿದ್ದಾರೆ.

ಬೆಲೆಯ ಮಾತು ಆಮೇಲೆ. ಶೂ ಕಚ್ಚುವುದು ಅನ್ನುತ್ತೇವಲ್ಲ, ಅದು ಕಚ್ಚುವುದು ಎಲ್ಲಿ?

ಉಜ್ಜಿ ಉಜ್ಜಿ ಚರ್ಮ ಸವೆದು ಬೊಬ್ಬೆ ಬರುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಸವೆದರೆ ಆಗುವುದು ತರಚುಗಾಯ. ಬೊಬ್ಬೆಯ ಮೇಲಿನ ಚರ್ಮ ಇಡಿಯಾಗಿಯೇ ಇರುತ್ತದೆ. ಅಮೆರಿಕದ ಚರ್ಮತಜ್ಞ ಮರಿಯನ್ ಸಲ್ಜ್‌ಬರ್ಗರ್ ಮತ್ತು ಸಂಗಡಿಗರು 1966ರಲ್ಲಿ ಬೇಕೆಂದೇ ಚರ್ಮವನ್ನು ಉಜ್ಜಿ ಬೊಬ್ಬೆ ಬರಿಸಿ ಪರೀಕ್ಷಿಸಿದರು. ಮೇಲಿನ ಗಟ್ಟಿ ಪದರಕ್ಕೆ ಏನೂ ಆಗಿರಲಿಲ್ಲ. ಅದರ ಕೆಳಗೆ, ಜೀವಕೋಶಗಳಿರುವ ಪದರದಲ್ಲಿ ಬಿರುಕು ಬಿಟ್ಟಿತ್ತು. ಆ ಬಿರುಕಿಗೆ ಸುತ್ತಲಿನ ನೀರು ಜಿನುಗಿ ತುಂಬಿಕೊಂಡದ್ದೇ ಬೊಬ್ಬೆ. ಅಂಗೈ, ಅಂಗಾಲು, ಹಿಮ್ಮಡಿಗಳಂಥ ದಪ್ಪ ಚರ್ಮದ ಜಾಗದಲ್ಲೇ ಬೊಬ್ಬೆ ಏಳುವುದಕ್ಕೆ ಇದೇ ಕಾರಣ. ತೆಳು ಚರ್ಮವಾದರೆ ಮೇಲಿಂದಲೇ ಕಿತ್ತುಹೋಗುತ್ತದೆ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದರ ಮೇಲೊಂದು ಪೇರಿಸಿಟ್ಟ ಹತ್ತು ಮೆತ್ತನೆಯ ಚಪಾತಿ ಇವೆ ಎನ್ನಿ. ಮೇಲಿನದರ ಮೇಲೆ ಅಂಗೈ ಊರಿ ಮುಂದಕ್ಕೆ ತಳ್ಳಿ. ಕೈಗೆ ಒಣಹಿಟ್ಟು ಮೆತ್ತಿದ್ದರೆ ಕೈ ಜಾರುತ್ತದೆ, ಚಪಾತಿಗಳು ಅಲುಗುವುದಿಲ್ಲ. ಕೈ ಜಿಗುಟಾಗಿದ್ದರೆ ಮೇಲಿನ ಚಪಾತಿ ಕೈಗಂಟಿ ಬರುತ್ತದೆ, ತಳದ್ದು ತಟ್ಟೆಗಂಟಿ ಕೂರುತ್ತದೆ, ನಡುವೆ ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಪೇರಿಕೆ ಜಾರುತ್ತದೆ. ಕಾಲಿನಲ್ಲಿ ಕೈಯ ಜಾಗದಲ್ಲಿ ಶೂ ಇದೆ, ತಟ್ಟೆಯ ಜಾಗದಲ್ಲಿ ಹಿಮ್ಮಡಿಯ ಮೂಳೆ. ಹೆಜ್ಜೆ ಇಟ್ಟಾಗಲೆಲ್ಲ ಮೂಳೆ ಒಂದಿಷ್ಟು ಹಿಂದೆ ಮುಂದೆ ಸರಿಯುತ್ತದೆ, ಶೂಗೆ ಅಂಟಿದ ಚರ್ಮ ಸರಿಯುವುದಿಲ್ಲ. ಈ ಎಳೆದಾಟವೆಲ್ಲ ನಡುವಿನ ಪದರಗಳ ಪಾಲಿಗೆ ಬರುತ್ತದೆ. ದಿನಕ್ಕೆ 30 ಕಿಲೋಮೀಟರ್ ನಡೆದರೆ ಒಂದೊಂದು ಕಾಲೂ ಸುಮಾರು 20,000 ಸಲ ನೆಲ ಮುಟ್ಟುತ್ತದೆ. ಅಷ್ಟು ಸಲ ಜಗ್ಗಿದರೆ ಯಾವ ಬೆಸುಗೆ ತಾನೇ ಉಳಿದೀತು?

ಬೊಬ್ಬೆ ತಪ್ಪಿಸುವ ಉಪಾಯಗಳಿಗೆಲ್ಲ ಈ ಪೇರಿಕೆಯಲ್ಲೇ ಅರ್ಥ ಸಿಗುತ್ತದೆ. ಕೈ ಜಿಗುಟಾಗುವುದೆಂದರೆ ಕಾಲು ಬೆವರುವುದು. ಬ್ರಿಟನ್ನಿನ ನೇಯ್ಲರ್ 1955ರಲ್ಲೇ ತೋರಿಸಿದಂತೆ ಪೂರ್ತಿ ಒಣಗಿದ ಚರ್ಮವೂ ಜಾರುತ್ತದೆ, ಪೂರ್ತಿ ತೊಯ್ದ ಚರ್ಮವೂ ಜಾರುತ್ತದೆ. ಇವೆರಡರ ನಡುವೆ, ಬರೀ ತೇವವಾಗಿರುವ ಚರ್ಮವೇ ಅಂಟಿಕೊಳ್ಳುವುದು. ಹತ್ತಿಯ ಕಾಲುಚೀಲ ಬೆವರು ಹೀರಿ ತನ್ನಲ್ಲೇ ಇಟ್ಟುಕೊಂಡು ಚರ್ಮವನ್ನು ದಿನವಿಡೀ ಅದೇ ಸ್ಥಿತಿಯಲ್ಲಿ ಇಡುತ್ತದೆ. ಉಣ್ಣೆಯದೋ ಪಾಲಿಯೆಸ್ಟರಿನದೋ ಆದರೆ ಮೇಲು. ಒಳಗೊಂದು ತೆಳು ಚೀಲ, ಅದರ ಮೇಲೊಂದು ದಪ್ಪ ಚೀಲ ಹಾಕಿದರೆ ಇನ್ನೂ ಮೇಲು. ಆಗ ಜಾರಾಟ ಎರಡು ಬಟ್ಟೆಗಳ ನಡುವೆಯೇ ನಡೆದು ಚಪಾತಿಗಳು ಬಚಾವಾಗುತ್ತವೆ. ಆಸ್ಪತ್ರೆಯಲ್ಲಿ ಬ್ಯಾಂಡೇಜಿಗೆ ಅಂಟಿಸುವ ಅಗ್ಗದ ಪೇಪರ್ ಟೇಪನ್ನು ಹೊರಡುವ ಮುಂಚೆಯೇ ಹಿಮ್ಮಡಿಗೆ ಹಚ್ಚಿಕೊಳ್ಳುವುದೂ ಪರೀಕ್ಷೆಯಲ್ಲಿ ಗೆದ್ದ ಉಪಾಯ. 250 ಕಿಲೋಮೀಟರ್ ಓಟದಲ್ಲಿದ್ದ 128 ಜನರ ಒಂದೊಂದೇ ಪಾದಕ್ಕೆ ಟೇಪ್ ಹಚ್ಚಿ ನೋಡಿದ ಸ್ಟ್ಯಾನ್‌ಫರ್ಡಿನ ವೈದ್ಯರು, ಬೊಬ್ಬೆ ಶೇ. 40ರಷ್ಟು ಇಳಿಯಿತೆಂದು 2016ರಲ್ಲಿ ಪ್ರಕಟಿಸಿದರು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು. ಮಾರುವವರಿಗೆ ಇದರಲ್ಲಿ ಹೆಚ್ಚು ಲಾಭವಿಲ್ಲವೆಂದೋ ಏನೋ, ಯಾವ ಅಂಗಡಿಯಲ್ಲೂ ಇದರ ಮಾತೇ ಬರುವುದಿಲ್ಲ.

ಇನ್ನು ಅಳತೆ. ನಾವು ಕೇಳಿ ಕೊಳ್ಳುವ ಏಳು, ಎಂಟು, ಒಂಬತ್ತು ನಂಬರುಗಳು ಬ್ರಿಟಿಷರವು. ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ, ಹಿಂದೆ ಒಂದು ಬಾರ್ಲಿ ಕಾಳಿನ ಉದ್ದ ಎಂದು ಎಣಿಸುತ್ತಿದ್ದರು. ಅದು ಹೇಳುವುದು ಉದ್ದವನ್ನು ಮಾತ್ರ. ಕಚ್ಚುವುದು ಹೆಚ್ಚಾಗಿ ಅಗಲದಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿತು. ಭಾರತೀಯರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರಲ್ಲಿ ಖಚಿತವಾಯಿತು. ಅಗಲ ಸಾಲದೆಂದು ನಮ್ಮವರು ಒಂದು ನಂಬರ್ ದೊಡ್ಡ ಶೂ ಕೊಳ್ಳುತ್ತಾರೆ, ಕಾಲು ಒಳಗೆ ಓಡಾಡುತ್ತದೆ, ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ‘ಭ’ ಎಂಬ ಹೆಸರಿನಲ್ಲಿ ನಮ್ಮದೇ ಅಳತೆ ತರುವ ಪ್ರಯತ್ನಕ್ಕೆ ಈ ಸಮೀಕ್ಷೆಯೇ ತಳಹದಿ. ಶೂ ಕೊಳ್ಳಲು ಸಂಜೆ ಹೋಗಿ, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ದಾರಿಯಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ನಿಂತಾಗ ಬೆರಳ ತುದಿಗೂ ಶೂಗೂ ನಡುವೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಇಲ್ಲದಿದ್ದರೆ ಚಾರ್ಮಾಡಿ ಘಾಟಿ ಇಳಿಯುವಾಗ ಪಾದ ಮುಂದೆ ಸರಿದು ಉಗುರು ಕಪ್ಪಾಗುತ್ತದೆ.

ತೂಕವನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಅಮೆರಿಕದ ಸೇನಾ ವಿಜ್ಞಾನಿಗಳಾದ ಸೂಲ್ ಮತ್ತು ಗೋಲ್ಡ್‌ಮನ್ 1969ರಲ್ಲಿ ಜನರ ತಲೆ, ಕೈ, ಕಾಲುಗಳಿಗೆ ಭಾರ ಹೊರಿಸಿ ನಡೆಸಿ ಶಕ್ತಿಯ ಖರ್ಚು ಅಳೆದರು. ತಲೆಯ ಮೇಲಿನ ಕಿಲೋ ಮೈತೂಕದ ಕಿಲೋಗಿಂತ ಅಷ್ಟೇನೂ ದುಬಾರಿಯಲ್ಲ. ಕಾಲಿಗೆ ಕಟ್ಟಿದ ಕಿಲೋ ಮಾತ್ರ ನಾಲ್ಕು ಪಟ್ಟಿಗೂ ಹೆಚ್ಚು ತಿಂದಿತು. ಹೆಜ್ಜೆಹೆಜ್ಜೆಗೂ ಅದನ್ನು ಎತ್ತಿ ಮುಂದಕ್ಕೆ ಬೀಸಬೇಕಲ್ಲ! ಡಾಂಬರು ರಸ್ತೆಯ ಯಾತ್ರೆಗೆ ಬೆಟ್ಟ ಹತ್ತುವ ಬೂಟು ಬೇಡ.

ಈಗ ‘ಆರ್ಚ್ ಸಪೋರ್ಟ್’, ಅಂದರೆ ಅಂಗಾಲಿನ ಕಮಾನಿಗೆ ಶೂ ಕೊಡುವ ಆಸರೆ. ಪಾದ ಒದ್ದೆ ಮಾಡಿ ಕಾಗದದ ಮೇಲೆ ಊರಿ, ಗುರುತಿನ ಆಕಾರ ನೋಡಿ, ನಿಮಗೆ ಇಂಥದೇ ಶೂ ಬೇಕೆಂದು ಹೇಳುವ ಪದ್ಧತಿಯಿದೆ. ನೋಡಲು ಬಹಳ ವೈಜ್ಞಾನಿಕವಾಗಿದೆ. ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ಪಡೆ ಮೂರೂ ಇದನ್ನು ಸಾವಿರಾರು ಹೊಸ ಸೈನಿಕರ ಮೇಲೆ ಪರೀಕ್ಷಿಸಿ 2009–10ರಲ್ಲಿ ಫಲಿತಾಂಶ ಪ್ರಕಟಿಸಿದವು. ಅರ್ಧ ಜನಕ್ಕೆ ಪಾದದ ಆಕಾರ ನೋಡಿ ಶೂ ಕೊಟ್ಟರು, ಉಳಿದವರಿಗೆಲ್ಲ ಒಂದೇ ಬಗೆಯದು. ಗಾಯಗಳ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ ಬೆನ್ನೋ ನಿಗ್ ಮತ್ತವರ ಜೊತೆಗಾರರ ದಾರಿ ಬೇರೆಯಿತ್ತು. ಸೈನಿಕರ ಮುಂದೆ ಶೂ ಒಳಗೆ ಹಾಕುವ ಆರು ಬಗೆಯ ಸೋಲ್ ಇಟ್ಟು, ಯಾವುದು ಹಿತವೋ ಅದನ್ನು ನೀವೇ ಆರಿಸಿ ಎಂದರು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಹಿತವಾಗಲಿಲ್ಲ. ಆದರೆ ಹಾಗೆ ಆರಿಸಿಕೊಂಡವರಲ್ಲಿ ನೋವು, ಗಾಯಗಳು ಕಡಿಮೆಯಾದವು ಎಂದು 2001ರಲ್ಲಿ ಬರೆದರು. ಹಾಸನದ ಓದುಗರಿಗೆ ನನ್ನ ಉತ್ತರ ಇದೇ: ಆ ದುಬಾರಿ ಶೂ ಹಾಕಿದ ಕ್ಷಣದಲ್ಲೇ ಹಿತವೆನಿಸಿದರೆ ಕೊಳ್ಳಿ. ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಎಂದರೆ ವಾಪಸ್ ಕೊಟ್ಟುಬಿಡಿ. ಕೊಂಡ ಮೇಲೂ ಎರಡು ಮೂರು ವಾರ ಊರಲ್ಲೇ ನಡೆದು ನೋಡದೆ ಯಾತ್ರೆಗೆ ಹಾಕಬೇಡಿ.

ಬರಿಗಾಲಲ್ಲಿ ಹರಕೆ ಹೊತ್ತು ನಡೆಯುವವರೂ ಇದ್ದಾರೆ. ಅವರ ಅಂಗಾಲು ದಡ್ಡುಗಟ್ಟಿ ಜಡವಾಗಿರುತ್ತದೆ ಎಂಬ ನಂಬಿಕೆ ಸರಿಯಲ್ಲ. ಕೀನ್ಯಾದಲ್ಲಿ ಬರಿಗಾಲಲ್ಲೇ ಬೆಳೆದವರನ್ನು ಪರೀಕ್ಷಿಸಿದ 2019ರ ಅಧ್ಯಯನದಲ್ಲಿ, ದಡ್ಡು ಎಷ್ಟೇ ದಪ್ಪವಿದ್ದರೂ ಸ್ಪರ್ಶಜ್ಞಾನ ಕುಂದಿರಲಿಲ್ಲ.

ಸ್ಪರ್ಶಜ್ಞಾನ ಕುಂದುವುದು ಕಾಯಿಲೆಯಿಂದ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದ ತಾನಾಗಿ ಕೊಳೆಯುವುದಿಲ್ಲ, ನೋವು ತಿಳಿಯದ ಕಾಲನ್ನು ಅವರು ಗಾಯದ ಮೇಲೆಯೇ ಊರಿ ನಡೆಯುತ್ತಾರೆ ಎಂದು ತೋರಿಸಿಕೊಟ್ಟರು. ಅಂಥ ಪಾದಗಳಿಗಾಗಿ ಅಲ್ಲಿ ರೂಪುಗೊಂಡ ಮೆತ್ತನೆಯ ರಬ್ಬರಿನ ಚಪ್ಪಲಿಯೇ ಇಂದಿನ ಎಂಸಿಆರ್ ಚಪ್ಪಲಿ. ಬಹಳ ವರ್ಷ ಸಕ್ಕರೆ ಕಾಯಿಲೆಯಿದ್ದವರ ಕಾಲೂ ಹೀಗೇ ಜೋಮುಗಟ್ಟಬಹುದು. ಶೂ ಕಚ್ಚಿದರೂ ಅವರಿಗೆ ಗೊತ್ತಾಗುವುದಿಲ್ಲ, ‘ಹಿತ ನೋಡಿ ಆರಿಸಿ’ ಎಂಬ ನನ್ನ ಸಲಹೆ ಅವರಿಗೆ ನಡೆಯುವುದಿಲ್ಲ. ಅವರು ಹೊರಡುವ ಮುಂಚೆ ವೈದ್ಯರಿಗೆ ಪಾದ ತೋರಿಸಬೇಕು, ದಿನಾ ಬೆಳಿಗ್ಗೆ ಶೂ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇದೆಯೇ ನೋಡಬೇಕು. ರಾತ್ರಿ ತಂಗಿದಲ್ಲಿ ಜೊತೆಯವರು ಅವರ ಅಂಗಾಲಿಗೆ ಟಾರ್ಚ್ ಹಿಡಿದು ನೋಡಲಿ.