ಕನ್ನಡಿ ಇಲ್ಲದ ಕ್ಯಾಮೆರಾ ಕೊಳ್ಳುವವರಿಗೆ

ಶಿರೂರು ಎಂದ ಕೂಡಲೆ ವಾಚಕರಿಗೆ ಉಡುಪಿ ಜಿಲ್ಲೆಯ ಶಿರೂರೋ ಬಾಗಲಕೋಟೆ ಕಡೆಯ ಶಿರೂರೋ ನೆನಪಾದರೆ ತಪ್ಪೇನಿಲ್ಲ. ನಾನಿರುವುದು ಇನ್ನೊಂದು ಶಿರೂರಿನಲ್ಲಿ. ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಹಿಂದಿನ ಅಹಮದನಗರಕ್ಕೆ, ಹೋಗುವ ಹೆದ್ದಾರಿಯಲ್ಲಿ ಘೋಡ್ ನದಿಯ ದಂಡೆಯ ಮೇಲಿದೆ ಈ ಊರು. ಹಳಬರು ಈಗಲೂ ಘೋಡನದಿ ಅಂತಲೇ ಕರೆಯುತ್ತಾರೆ. ಕಾಲೇಜು ಮುಗಿಸಿ ಪಕ್ಕದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಹೊಟ್ಟೆಪಾಡು ಹುಡುಕಿಕೊಂಡ ಮೇಲೆ ನನಗೂ ನಮ್ಮ ಸಂಘಕ್ಕೂ ಇರುವ ನಂಟು ಈ ಪತ್ರಿಕೆಯೊಂದೇ. ಈ ಸಲ ಸಂಪಾದಕರು, 'ಕವಿತೆ ಬೇಡ, ಬೇಕಾದಷ್ಟು ಬಂದಿವೆ. ಕ್ಯಾಮೆರಾ ಬಗ್ಗೆ ಬರೆಯಿರಿ, ಹುಡುಗರು ಕೇಳ್ತಾ ಇದ್ದಾರೆ' ಎಂದು ಹೇಳಿ ಕಳಿಸಿದರು. ನನ್ನ ಕವಿತೆಗಳ ಬಗ್ಗೆ ಅವರ ಅಭಿಪ್ರಾಯವೂ ಇದರಿಂದ ತಿಳಿದಂತಾಯಿತು.

ಹುಡುಗರು ಕೇಳುವ ಪ್ರಶ್ನೆ ಒಂದೇ: 'ಯಾವ ಮಿರರ್‌ಲೆಸ್ ಕ್ಯಾಮೆರಾ ಒಳ್ಳೇದು?' ಪ್ರಶ್ನೆಯೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಅದನ್ನು ನಾನು ಕಲಿತದ್ದು ಕಂತು ಕಟ್ಟಿ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಈ ಕನ್ನಡಿಯ ವಿಚಾರ ನೋಡೋಣ.

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ, ಲೆನ್ಸಿನ ಹಿಂದೆ, 45 ಡಿಗ್ರಿ ಓರೆಯಾಗಿ ಒಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ಬಡಿದು ಮೇಲೆ ಹೋಗಿ, ಅಲ್ಲಿರುವ ಗಾಜಿನ ಪಟ್ಟಕದಲ್ಲಿ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಫಟ್ಟನೆ ಮೇಲೆದ್ದು, ಬೆಳಕು ನೇರ ಹಿಂದಕ್ಕೆ ಹೋಗಿ, ಫಿಲಂ ಕಾಲದಲ್ಲಿ ಫಿಲಮ್ಮಿನ ಮೇಲೆ, ಡಿಜಿಟಲ್ ಕಾಲದಲ್ಲಿ ಸೆನ್ಸರಿನ ಮೇಲೆ ಬೀಳುತ್ತಿತ್ತು. ಆ 'ಖಟಕ್' ಸದ್ದು ಬಹುಮಟ್ಟಿಗೆ ಕನ್ನಡಿಯದೇ.

ಸೆನ್ಸರ್ ತಾನೇ ಸದಾಕಾಲ ನೋಡಬಲ್ಲದಾದರೆ ನಡುವೆ ಕನ್ನಡಿಯ ದಲ್ಲಾಳಿತನ ಏಕೆ ಬೇಕು? ಹೀಗೆ ಯೋಚಿಸಿ 2008ರಲ್ಲಿ ಪ್ಯಾನಾಸಾನಿಕ್‌ನವರು ಜಿ1 ಎಂಬ ಮಾದರಿಯನ್ನು ತಂದರು. 2010ರಲ್ಲಿ ಸೋನಿಯವರ ನೆಕ್ಸ್ ಬಂತು, 2013ರಲ್ಲಿ ಅವರದೇ ಎ7. ನಿಕಾನ್ ಮತ್ತು ಕೆನಾನ್ ತಮ್ಮ ದೊಡ್ಡ ಸೆನ್ಸರಿನ ಮಿರರ್‌ಲೆಸ್‌ಗಳನ್ನು 2018ರಲ್ಲಿ ಇಳಿಸಿದರು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದಿದ್ದ ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ, ಅಂದರೆ ಜಿ1 ಬರುವ ಮುಂಚೆ. ಕನ್ನಡಿ ಇದ್ದ ಕಾಲದಲ್ಲೂ ಹಕ್ಕಿಗಳು ಚೆನ್ನಾಗಿಯೇ ಬಂದಿದ್ದವು ಎಂಬುದನ್ನು ಮರೆಯಬೇಡಿ.

ಕನ್ನಡಿ ಹೋದದ್ದರಿಂದ ಲಾಭವೇನು? ಒಂದು, ಕ್ಯಾಮೆರಾದ ಡೊಳ್ಳುಹೊಟ್ಟೆ ಕರಗಿತು. ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಉಂಗುರದಿಂದ ಸೆನ್ಸರಿಗೆ 46.5 ಮಿ.ಮೀ. ಅಂತರ. ಹೊಸ ಝಡ್ ಮೌಂಟಿನಲ್ಲಿ ಅದು 16 ಮಿ.ಮೀ. ಮಾತ್ರ. ಎರಡು, ಕಿಂಡಿಯಲ್ಲಿ ಕಾಣುವುದು ಒಂದು ಪುಟ್ಟ ಟಿ.ವಿ.ಯಾದ್ದರಿಂದ ಚಿತ್ರ ಕಪ್ಪಾಗುತ್ತದೋ ಬೆಳ್ಳಗಾಗುತ್ತದೋ ಎಂಬುದು ಗುಂಡಿ ಒತ್ತುವ ಮೊದಲೇ ಗೊತ್ತಾಗುತ್ತದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟರಿಲ್ಲ. ಮೂರು, ಇತ್ತೀಚಿನ ಮಾದರಿಗಳು ಮನುಷ್ಯರ ಕಣ್ಣನ್ನು, ಕೆಲವು ಹಕ್ಕಿಯ ಕಣ್ಣನ್ನೂ, ತಾವೇ ಹುಡುಕಿ ಫೋಕಸ್ ಮಾಡುತ್ತವೆ. ನಾಲ್ಕು, ಸದ್ದಿಲ್ಲದೆ ತೆಗೆಯಬಹುದು.

ನಷ್ಟವೂ ಇದೆ. ಆ ಪುಟ್ಟ ಟಿ.ವಿ. ಬ್ಯಾಟರಿ ನುಂಗುತ್ತದೆ. ಕನ್ನಡಿಯಿದ್ದ ನಿಕಾನ್ ಡಿ3500 ಒಂದು ಚಾರ್ಜಿಗೆ 1550 ಚಿತ್ರ ತೆಗೆಯುತ್ತದೆಂದು ಕಂಪನಿಯ ಲೆಕ್ಕ. ಅದೇ ಮನೆತನದ ಮಿರರ್‌ಲೆಸ್ ಝಡ್50ಕ್ಕೆ ಸುಮಾರು 300 ಅಷ್ಟೆ. ಹಾಗಾಗಿ ಎರಡನೆಯ ಬ್ಯಾಟರಿಯನ್ನು ಬೆಲೆಯ ಭಾಗವೆಂದೇ ಲೆಕ್ಕ ಹಿಡಿಯಿರಿ. ಲೆನ್ಸ್ ಬದಲಿಸುವಾಗ ಸೆನ್ಸರಿಗೆ ಮರೆ ಇರುವುದಿಲ್ಲ. ಬೇಸಗೆಯಲ್ಲಿ ನಮ್ಮ ಶಿರೂರಿನ ಧೂಳು ಇದಕ್ಕೇ ಕಾದು ಕೂತಿರುತ್ತದೆ. ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಹಿಡಿದು, ಗಾಳಿಗೆ ಬೆನ್ನು ತಿರುಗಿಸಿ ಬದಲಿಸಬೇಕು. ಸದ್ದಿಲ್ಲದ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ, ಓಡುವ ವಾಹನ ಓರೆಯಾಗುವುದುಂಟು, ಎಲ್‌ಇಡಿ ದೀಪದಡಿ ಚಿತ್ರದಲ್ಲಿ ಪಟ್ಟೆ ಮೂಡುವುದೂ ಉಂಟು.

ಇನ್ನು ನನ್ನ ಕಥೆ. ಕೆಲಸಕ್ಕೆ ಸೇರಿ ಎರಡು ವರ್ಷವಾದಾಗ ನನಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಮೂರು ತಿಂಗಳು ಮಾದರಿಗಳನ್ನು ಹೋಲಿಸಿದೆ. ಮೆಗಾಪಿಕ್ಸೆಲ್ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ಎಂದು ಕೋಷ್ಟಕ ಬರೆದು ಗೋಡೆಗೆ ಅಂಟಿಸಿದ್ದೆ. ಕೊನೆಗೆ ಕೈಗೆಟುಕಿದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಾಡಿಯನ್ನು ಹದಿನೆಂಟು ಕಂತಿನಲ್ಲಿ ಕೊಂಡೆ. ದುಡ್ಡೆಲ್ಲ ಬಾಡಿಗೇ ಹೋಯಿತು. ಲೆನ್ಸು? ಪೆಟ್ಟಿಗೆಯ ಜೊತೆ ಬಂದದ್ದೇ ಸಾಕು ಎಂದುಕೊಂಡೆ.

ಆ ದೀಪಾವಳಿಗೆ ವಿಜಯಪುರದಿಂದ ನಮ್ಮ ಆಯಿ ಬಂದಿದ್ದಳು. ಎಂಬತ್ತು ದಾಟಿದ ಜೀವ. ಸಂಜೆ ಬಾಡಿಗೆ ಮನೆಯ ಹಿತ್ತಿಲಲ್ಲಿ, ಡಬ್ಬಿಯಲ್ಲಿ ನೆಟ್ಟ ತುಳಸಿಯ ಮುಂದೆ ಕೂತು ಹಣತೆ ಹಚ್ಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಝೂಮನ್ನು ಪೂರ್ತಿ ಎಳೆದೆ. ಕ್ಯಾಮೆರಾ ಒಂದರ ಐದನೆಯ ಸೆಕೆಂಡು ಕೇಳಿತು. ಐಎಸ್‌ಒ ಆಗಲೇ 3200ಕ್ಕೆ ಏರಿಸಿದ್ದೆ. ಇನ್ನೂ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಆಗುತ್ತಿತ್ತು. ಗುಂಡಿಗಳನ್ನು ತಿರುಗಿಸುತ್ತಲೇ ಇದ್ದೆ. ಆಯಿ ತಿರುಗಿ ನೋಡಿ, 'ಆ ಪೆಟಿಗ್ಯಾಗ ಏನ್ ನೋಡಾಕತ್ತೀಯೋ, ಇಲ್ಲಿ ಬಂದು ಕುಂದುರು' ಅಂದಳು. ತೆಗೆದ ಹನ್ನೊಂದು ಚಿತ್ರಗಳಲ್ಲಿ ದೀಪ ಸ್ಪಷ್ಟ, ತುಳಸಿ ಸ್ಪಷ್ಟ, ಆಯಿ ಮಾತ್ರ ಅಲುಗಿದ್ದಾಳೆ. ನಾಳೆ ತೆಗೆದರಾಯಿತು ಅಂದುಕೊಂಡೆ. ನಾಳೆ ಡ್ಯೂಟಿ ಇತ್ತು. ಮರುವರ್ಷ ಶ್ರಾವಣದಲ್ಲಿ ಆಯಿ ಹೋದಳು. ಕಂತು ಇನ್ನೂ ಎಂಟು ಉಳಿದಿದ್ದವು.

ಇದರಲ್ಲಿ ಕ್ಯಾಮೆರಾದ ತಪ್ಪಿಲ್ಲ. ಲೆಕ್ಕ ನನ್ನದು ತಪ್ಪಿತ್ತು. ಲೆನ್ಸಿನ ಮೇಲೆ ಎಫ್ ಎಂದು ಬರೆದ ಸಂಖ್ಯೆ ಇರುತ್ತದಲ್ಲ, ಅದು ಲೆನ್ಸಿನ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂಬುದರ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಬೆಳಕು ಈ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಬದಲಾಗುತ್ತದೆ. ನನ್ನ ಝೂಮ್ 50 ಮಿ.ಮೀ.ಗೆ ಎಳೆದಾಗ ಎಫ್ 6.3. ಅದೇ 50 ಮಿ.ಮೀ.ಗೆ ಎಫ್ 1.8ರ ಒಂಟಿ ಲೆನ್ಸುಗಳು ಬರುತ್ತವೆ. 6.3ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಹನ್ನೆರಡು. ಅಂದರೆ ಹನ್ನೆರಡು ಪಟ್ಟು ಬೆಳಕು! ಒಂದರ ಐದು ಸೆಕೆಂಡು ಇದ್ದದ್ದು ಒಂದರ ಅರವತ್ತು ಆಗುತ್ತಿತ್ತು, ಆಯಿ ಅಲುಗುತ್ತಿರಲಿಲ್ಲ. ಅಂಥ ಲೆನ್ಸಿನ ಬೆಲೆ ನನ್ನ ಬಾಡಿಯ ಬೆಲೆಯ ನಾಲ್ಕನೆಯ ಒಂದು ಭಾಗವೂ ಇರಲಿಲ್ಲ.

ಕೆಲವು ಬಾಡಿಗಳಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಇದೆ, ಒಳ್ಳೆಯದೇ. ಆದರೆ ಅದು ನಿಲ್ಲಿಸುವುದು ನಿಮ್ಮ ಕೈಯನ್ನು, ಎದುರಿಗಿರುವ ಆಯಿಯ ಕೈಯನ್ನಲ್ಲ.

ಆದ್ದರಿಂದ ಪ್ರಶ್ನೆಯನ್ನು ನೆಟ್ಟಗೆ ಮಾಡೋಣ. 'ಯಾವ ಕ್ಯಾಮೆರಾ ಒಳ್ಳೇದು' ಎನ್ನುವುದನ್ನು ಬಿಟ್ಟು 'ನನ್ನ ಕಣ್ಣ ಮುಂದೆ ಏನಿದೆ' ಎಂದು ಕೇಳಿಕೊಳ್ಳಿ. ಅದಕ್ಕೆ ತಕ್ಕ ಲೆನ್ಸು ಯಾವುದು? ಆ ಲೆನ್ಸು ಕೂರುವ ಬಾಡಿಗಳಲ್ಲಿ ಉಳಿದ ದುಡ್ಡಿಗೆ ಸಿಗುವುದು ಯಾವುದು? ಕೇಳಬೇಕಾದ ಕ್ರಮ ಇದು.

ಶಿರೂರಿನ ಸುತ್ತಲಿನದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಮ್ಮ ತಾಲ್ಲೂಕಿನಲ್ಲೇ ಮೋರಾಚಿ ಚಿಂಚೋಲಿ ಎಂಬ ಹಳ್ಳಿ ಇದೆ. ಮೋರ ಎಂದರೆ ನವಿಲು, ಚಿಂಚ ಎಂದರೆ ಹುಣಸೆ. ಅಲ್ಲಿ ನವಿಲುಗಳು ಹೊಲದಲ್ಲಿ ಕೋಳಿಯ ಹಾಗೆ ಓಡಾಡುತ್ತವೆ. ಇದಕ್ಕೆ ದೂರದ ಲೆನ್ಸು ಬೇಕು: ಕೆನಾನಿನ 100-400, ಸೋನಿಯ 70-350, ಕೈ ಬಿಗಿಯಿದ್ದರೆ ನಿಕಾನಿನ 50-250. ಈ ಮೂರೂ ಕತ್ತಲಿಗೆ ಆಗುವ ಲೆನ್ಸುಗಳಲ್ಲ. ಆದರೆ ಬೆಳಗಿನ ಬಿಸಿಲಿನಲ್ಲಿ ಒಂದರ ಐನೂರು ಸೆಕೆಂಡು ಸಲೀಸಾಗಿ ಸಿಗುತ್ತದೆ. ಗರಿ ಬಿಚ್ಚಿದ ನವಿಲಿಗೆ ಅಷ್ಟು ವೇಗ ಬೇಕು. ನವಿಲನ್ನು ಅಟ್ಟಿಕೊಂಡು ಹೋಗಬೇಡಿ, 1972ರ ವನ್ಯಜೀವಿ ಕಾಯಿದೆಯ ಮೊದಲ ಷೆಡ್ಯೂಲಿನ ಹಕ್ಕಿ ಅದು.

ಇನ್ನೊಂದು ದಿಕ್ಕಿಗೆ ನಿಘೋಜ್. ಪಕ್ಕದ ಪಾರನೇರ್ ತಾಲ್ಲೂಕಿನದು. ಕುಕಡಿ ನದಿ ಕರಿಗಲ್ಲನ್ನು ಕೊರೆದು ಕೊರೆದು ರಂಜಣಗಿಯಂಥ ಗುಂಡಿಗಳನ್ನು ಮಾಡಿದೆ. ಅಲ್ಲಿ ಕಲ್ಲು ಎಲ್ಲಿಗೂ ಓಡುವುದಿಲ್ಲ, ಹಾಗಾಗಿ ವೇಗ ಬೇಡ. ಅಗಲದ ಲೆನ್ಸು ಮತ್ತು ಒಂದು ಮುಕ್ಕಾಲಿ ಬೇಕು. ಪೆಟ್ಟಿಗೆಯ ಜೊತೆ ಬರುವ ಸಾದಾ ಝೂಮಿನ 16 ಮಿ.ಮೀ. ತುದಿ ಇದಕ್ಕೆ ಧಾರಾಳ ಸಾಕು. ನಾನು ಬೈದ ಲೆನ್ಸೇ ಇಲ್ಲಿ ಜಾಣನಾಗುತ್ತದೆ, ನೋಡ್ರಿ.

ಮನೆಯೊಳಗಿನವರ ಚಿತ್ರಕ್ಕೆ, ಸಂಘದ ಕಾರ್ಯಕ್ರಮಕ್ಕೆ ಎಫ್ 1.8 ಅಥವಾ 2ರ ಒಂಟಿ ಲೆನ್ಸು. ಇಲ್ಲಿ ಸೆನ್ಸರಿನ ಅಳತೆ ನೆನಪಿಡಬೇಕು. ಫುಲ್‌ಫ್ರೇಮ್ ಎಂದರೆ 36 × 24 ಮಿ.ಮೀ., ಹಳೆಯ ಫಿಲಮ್ಮಿನಷ್ಟು. ಎಪಿಎಸ್-ಸಿ ಅದಕ್ಕಿಂತ ಚಿಕ್ಕದು, ಸುಮಾರು 23.5 × 15.6. ಹವ್ಯಾಸಿಗಳ ಹೆಚ್ಚಿನ ಕ್ಯಾಮೆರಾಗಳು ಇದೇ ಜಾತಿ. ಚಿಕ್ಕ ಸೆನ್ಸರ್ ನೋಟದ ಅಂಚನ್ನು ಕತ್ತರಿಸುವುದರಿಂದ ಲೆನ್ಸಿನ ಅಳತೆಯನ್ನು ಒಂದೂವರೆಯಿಂದ ಗುಣಿಸಿ ನೋಡಬೇಕು, ಕೆನಾನಿನಲ್ಲಿ 1.6ರಿಂದ. 50 ಮಿ.ಮೀ. ಲೆನ್ಸು 75ರ ನೋಟ ಕೊಡುತ್ತದೆ. ಹತ್ತಡಿಯ ಖೋಲಿಯಲ್ಲಿ ಗೋಡೆಗೆ ಬೆನ್ನು ಹಚ್ಚಿದರೂ ಮುಖ ಮಾತ್ರ ಬರುತ್ತದೆ. ಅಲ್ಲಿಗೆ 35 ಮಿ.ಮೀ. ವಾಸಿ. ಅದೇ ಗುಣಾಕಾರ ನವಿಲಿನ ಹತ್ತಿರ ನಮ್ಮ ಪರವಾಗಿ ಕೆಲಸ ಮಾಡುತ್ತದೆ: 350 ಇದ್ದದ್ದು 525ರ ನೋಟವಾಗುತ್ತದೆ. ಆದ್ದರಿಂದ ಚಿಕ್ಕ ಸೆನ್ಸರನ್ನು ಬಡತನ ಅಂತ ತಿಳಿಯಬೇಡಿ. ಫುಲ್‌ಫ್ರೇಮಿನ ಬಾಡಿ ಹೇಗೋ ಕೊಂಡರೂ ಅದರ ಲೆನ್ಸುಗಳ ತೂಕ ಹೆಗಲಿಗೂ ಕಿಸೆಗೂ ಬೀಳುತ್ತದೆ.

ಬಾಡಿಯ ಆಯ್ಕೆಯಲ್ಲಿ ಮುಖ್ಯವಾದದ್ದು ಮೌಂಟ್, ಅಂದರೆ ಲೆನ್ಸು ಕೂರುವ ಉಂಗುರ. ಬಾಡಿ ಐದಾರು ವರ್ಷಕ್ಕೆ ಬದಲಾದೀತು, ಲೆನ್ಸುಗಳು ಉಳಿಯುತ್ತವೆ. ಸೋನಿಯ ಇ ಮೌಂಟಿಗೆ ಸಿಗ್ಮಾ, ಟ್ಯಾಮ್ರಾನ್ ಮುಂತಾದ ಹೊರಗಿನವರ ಲೆನ್ಸುಗಳು ಹೇರಳ. ಕೆನಾನಿನ ಆರ್‌ಎಫ್‌ಗೆ ಈ ಇಬ್ಬರ ಎಪಿಎಸ್-ಸಿ ಲೆನ್ಸುಗಳು 2024ರಿಂದ ಬರತೊಡಗಿದವು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇನ್ನೊಂದು ಎಚ್ಚರ ವಹಿಸಬೇಕು. ಕೆನಾನಿನವರೇ 2012ರಲ್ಲಿ ತಂದ ಇಎಫ್-ಎಂ ಎಂಬ ಮಿರರ್‌ಲೆಸ್ ಮೌಂಟು 2023ರಲ್ಲಿ ನಿಂತುಹೋಯಿತು. ಅದರ ಲೆನ್ಸುಗಳು ಹೊಸ ಆರ್‌ಎಫ್ ಬಾಡಿಗೆ ಕೂರುವುದಿಲ್ಲ. ಅಗ್ಗಕ್ಕೆ ಸಿಗುತ್ತದೆ, ಚಿತ್ರವೂ ಚೆನ್ನ, ಆದರೆ ಮುಂದೆ ದಾರಿಯಿಲ್ಲ ಎಂದು ತಿಳಿದೇ ಕೊಳ್ಳಬೇಕು. ಮನೆಯಲ್ಲಿ ಅಪ್ಪನದೋ ಅಣ್ಣನದೋ ಹಳೆಯ ಎಸ್‌ಎಲ್‌ಆರ್ ಲೆನ್ಸುಗಳಿದ್ದರೆ ಅಡಾಪ್ಟರು ಹಾಕಬಹುದು. ಕೆನಾನಿನ ಇಎಫ್ ಲೆನ್ಸುಗಳು ಆರ್‌ಎಫ್ ಬಾಡಿಯ ಮೇಲೆ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರು ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಕೈಯಲ್ಲೇ ಫೋಕಸ್ ಮಾಡಬೇಕು.

ಹಳೆಯದನ್ನು ಕೊಳ್ಳುವುದು ನಾಚಿಕೆಯ ವಿಷಯವಲ್ಲ, ನೋಡಿ ಕೊಳ್ಳದಿರುವುದು ನಾಚಿಕೆ. ಲೆನ್ಸಿನ ಹಿಂದಿನಿಂದ ಟಾರ್ಚು ಹಾಯಿಸಿ ಮುಂದಿನಿಂದ ನೋಡಿ, ಒಳಗೆ ಜೇಡರಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಕರಾವಳಿ ಮಲೆನಾಡಿನ ಮಿತ್ರರು ಕೊಂಡ ಮೇಲೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಬೇಕು. ಎಫ್ 16ಕ್ಕೆ ಇಟ್ಟು ಬರಿ ಆಕಾಶದ ಒಂದು ಚಿತ್ರ ತೆಗೆಯಿರಿ, ಸೆನ್ಸರಿನ ಧೂಳೆಲ್ಲ ಚುಕ್ಕೆಯಾಗಿ ಕಾಣುತ್ತದೆ. ಬಿಲ್ಲು ಕೇಳಿ. ಬಿಲ್ಲಿಲ್ಲದ ಹೊಸ ಮಾಲು ಎಷ್ಟು ಅಗ್ಗವಾದರೂ ಬೇಡ, ಕೆಟ್ಟರೆ ಕೇಳುವವರಿಲ್ಲ.

ಒಟ್ಟು ಲೆಕ್ಕ ಹೀಗೆ. ಕೈಯಲ್ಲಿ ಹಣ ಎಷ್ಟೇ ಇರಲಿ, ಅರ್ಧ ಲೆನ್ಸಿಗೆ ತೆಗೆದಿಡಿ. ಉಳಿದ ಅರ್ಧದಲ್ಲಿ ಬಾಡಿ, ಇನ್ನೊಂದು ಬ್ಯಾಟರಿ, ಕಾರ್ಡು, ಚೀಲ. ಇದಕ್ಕೆ ಒಂದು ತಲೆಮಾರು ಹಿಂದಿನ ಬಾಡಿ ಬೇಕಾದರೆ ಹಿಂದಿನದೇ ಆಗಲಿ. ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ. ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತಿದ್ದರೆ ಆ ಬಾಡಿ ನಿಮ್ಮದಲ್ಲ. ಕಂತು ಕಟ್ಟುವ ಮನಸ್ಸಾದರೆ, ಕೊನೆಯ ಕಂತು ಮುಗಿಯುವ ಹೊತ್ತಿಗೆ ಆ ಮಾದರಿ ಹಳೆಯದಾಗಿರುತ್ತದೆ ಎಂಬುದನ್ನೂ ಕೂಡಿಸಿ ನೋಡಿ.

ನಾನೀಗ 35 ಮಿ.ಮೀ.ನ ಒಂದು ಎಫ್ 1.8 ಲೆನ್ಸು ಕೊಂಡಿದ್ದೇನೆ, ಸೆಕೆಂಡ್‌ಹ್ಯಾಂಡು. ಅದೇ ಬಾಡಿಯ ಮೇಲೆ ಕೂರುತ್ತದೆ. ಹೋದ ದೀಪಾವಳಿಗೆ ಅವ್ವ ಬಂದಿದ್ದಳು. ಅದೇ ಹಿತ್ತಿಲು, ಅದೇ ತುಳಸಿ ಡಬ್ಬಿ. ಎರಡೇ ಚಿತ್ರ ತೆಗೆದು ಕ್ಯಾಮೆರಾ ಒಳಗಿಟ್ಟು ಬಂದು ಪಕ್ಕದಲ್ಲಿ ಕುಳಿತೆ. ಎರಡೂ ಸ್ಪಷ್ಟವಾಗಿ ಬಂದಿವೆ. ಆಯಿಯ ಹನ್ನೊಂದು ಚಿತ್ರಗಳನ್ನು ಇನ್ನೂ ಅಳಿಸಿಲ್ಲ.