ಸಾಫ್ಟ್‌ವೇರಿಗೆ ಮೂರು ಪದರ ಏಕೆ?

ಪ್ರಶ್ನೆ: ನಮ್ಮ ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರನ್ನು ಮೂರು ಪದರಗಳಿಗೆ ಬದಲಿಸುತ್ತಿದ್ದಾರೆ. ಲಾಭವೇನು?

ಉತ್ತರ: ಹಳೆಯ ಎರಡು ಪದರಗಳ ವ್ಯವಸ್ಥೆಯಲ್ಲಿ ಲೆಕ್ಕದ ನಿಯಮಗಳು ಸಾಮಾನ್ಯವಾಗಿ ಪ್ರತಿ ಕೌಂಟರಿನ ಕಂಪ್ಯೂಟರಿನಲ್ಲೇ ಇರುತ್ತವೆ. 2017ರ ಜುಲೈ 1ರಂದು ವ್ಯಾಟ್ ಹೋಗಿ ಜಿಎಸ್‌ಟಿ ಬಂತಲ್ಲ, ಅಂಥ ಬದಲಾವಣೆ ಆದಾಗ ಒಂದೊಂದು ಯಂತ್ರಕ್ಕೂ ಹೊಸ ಆವೃತ್ತಿ ಹಾಕಬೇಕು. ಮೂರು ಪದರಗಳಲ್ಲಿ ಪರದೆ, ನಿಯಮ, ದತ್ತಾಂಶ ಬೇರೆಬೇರೆ. ನಡುವಿನ ಸರ್ವರಿನಲ್ಲಿ ಒಮ್ಮೆ ತಿದ್ದಿದರೆ ಕೌಂಟರು, ಮೊಬೈಲು, ವೆಬ್‌ಸೈಟು ಎಲ್ಲಕ್ಕೂ ಅನ್ವಯಿಸುತ್ತದೆ. ಡೇಟಾಬೇಸನ್ನು ಯಾರೂ ನೇರವಾಗಿ ಮುಟ್ಟುವಂತಿಲ್ಲ, ಹಾಗಾಗಿ ಭದ್ರತೆಯೂ ಹೆಚ್ಚು. ಜರ್ಮನಿಯ ಎಸ್‌ಎಪಿ ಕಂಪನಿ 1992ರಲ್ಲಿ ತಂದ ಆರ್/3 ತಂತ್ರಾಂಶದ್ದೂ ಇದೇ ವಿನ್ಯಾಸ. ಆದರೆ ಸರ್ವರು, ನಿರ್ವಹಣೆಯ ಖರ್ಚು ಏರುತ್ತದೆ. ಎರಡು ಕಂಪ್ಯೂಟರಿನ ಅಂಗಡಿಗೆ ಇದು ಬೇಡ. ಹಲವು ಶಾಖೆಗಳಿದ್ದರೆ ಬದಲಿಸುವುದೇ ಸರಿ.